ಅಗ್ಗದ ಟಿಕೆಟ್ಟಿನ ಪೂರ್ಣ ಬೆಲೆ

(ವಿದ್ಯಾರ್ಥಿಗಳ ಚಾರಣ ಶಿಬಿರದ ಸಮಾರೋಪದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ವಿದೇಶ ಪ್ರವಾಸವೆಂದರೆ ಸಿರಿವಂತರ ಸೊತ್ತು ಎಂಬ ಭಾವನೆ ಮಲೆನಾಡಿನಲ್ಲಿ ಬಹುಕಾಲ ಇತ್ತು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಮನೆಯ ಹಿರಿಯರು ಕಾಶಿಗೆ ಹೋಗಿಬಂದರೆ ಊರಿಗೆಲ್ಲ ಅದೇ ಸುದ್ದಿ. ಇಂದು ಅದೇ ಮನೆಯ ಮಗಳು ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ಹೋಗುವ ವಿಮಾನದ ದರವನ್ನು ಮೊಬೈಲಿನಲ್ಲಿ ನೋಡಿ, ‘ಇಷ್ಟೇನಾ?’ ಎಂದು ಬೆರಗಾಗುತ್ತಾಳೆ. ಲೋಕವನ್ನು ಕಾಣಬೇಕೆಂಬ ಆಕೆಯ ಹಂಬಲ ನ್ಯಾಯವಾದದ್ದೇ. ಆದರೆ ಆ ದರದಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂಬುದನ್ನು ಅರಿತು ಹೊರಟವರಿಗೆ ಮಾತ್ರ ಅಗ್ಗದ ಪ್ರವಾಸ ನಿಜಕ್ಕೂ ಅಗ್ಗವಾಗುತ್ತದೆ.

ಅಗ್ಗದ ವಿಮಾನಯಾನದ ಮಾದರಿಯನ್ನು ಅಮೆರಿಕದ ಟೆಕ್ಸಾಸ್‌ನಲ್ಲಿ 1971ರಲ್ಲಿ ಹಾರಾಟ ಆರಂಭಿಸಿದ ಸೌತ್‌ವೆಸ್ಟ್ ಸಂಸ್ಥೆ ಬೆಳೆಸಿತು. ಯುರೋಪಿನಲ್ಲಿ ರಯಾನ್ಏರ್, ಈಸಿಜೆಟ್, ಮಲೇಷ್ಯಾದಲ್ಲಿ ಏರ್‌ಏಷ್ಯಾ ಅದೇ ದಾರಿ ಹಿಡಿದವು. ಭಾರತಕ್ಕೆ ಅದನ್ನು 2003ರಲ್ಲಿ ತಂದವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಜಮೀನು ಕಳೆದುಕೊಂಡ ಕುಟುಂಬದವರು ಅವರು. ಸೈನ್ಯ ಬಿಟ್ಟು ಬಂದು ಬೇಸಾಯ ಮಾಡಿದವರು. ಒಂದು ರೂಪಾಯಿ ಟಿಕೆಟ್ಟಿನಿಂದ ಮನೆಮಾತಾದ ಅವರ ಏರ್ ಡೆಕ್ಕನ್ ಕೆಲವೇ ವರ್ಷಗಳಲ್ಲಿ ಕಿಂಗ್‌ಫಿಷರ್‌ನಲ್ಲಿ ವಿಲೀನವಾಯಿತು. ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿತು.

ಈ ಮಾದರಿಯ ಲೆಕ್ಕಾಚಾರ ಸರಳವಾದುದು. ಒಂದೇ ಬಗೆಯ ವಿಮಾನಗಳನ್ನು ಇಟ್ಟುಕೊಂಡರೆ ದುರಸ್ತಿ, ತರಬೇತಿಗಳ ಖರ್ಚು ಇಳಿಯುತ್ತದೆ. ಇಳಿದ ವಿಮಾನವನ್ನು ಅರ್ಧ ಗಂಟೆಯೊಳಗೆ ಮತ್ತೆ ಹಾರಿಸಿದರೆ ದಿನಕ್ಕೊಂದು ಸುತ್ತು ಹೆಚ್ಚು ದೊರೆಯುತ್ತದೆ. ಊಟ, ಸಾಮಾನು, ಆಯ್ದ ಆಸನ ಎಲ್ಲಕ್ಕೂ ಬೇರೆ ಹಣ. ಅನೇಕ ವಿಮಾನಗಳಲ್ಲಿ ಕೈಚೀಲದ ಮಿತಿ 7 ಕಿಲೊ; ಮೀರಿದರೆ ತೆರಬೇಕಾದ ದಂಡವೇ ಟಿಕೆಟ್ಟಿನ ದರವನ್ನು ಸಮೀಪಿಸಬಹುದು. ಎರಡು ಬೇರೆ ಬೇರೆ ಟಿಕೆಟ್ಟುಗಳಲ್ಲಿ ಹೋಗುವವರಿಗೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಆ ನಷ್ಟ ಅವರದೇ. ಹಲವು ಸಲ ವಿಮಾನ ಇಳಿಯುವುದು ಊರಿನಿಂದ ಬಹುದೂರದಲ್ಲಿ. ಜರ್ಮನಿಯ ‘ಫ್ರಾಂಕ್‌ಫರ್ಟ್–ಹಾನ್’ ಎಂಬ ನಿಲ್ದಾಣ ಫ್ರಾಂಕ್‌ಫರ್ಟ್ ನಗರದಿಂದ ಸುಮಾರು 120 ಕಿ.ಮೀ. ಆಚೆ, ಹುನ್ಸ್‌ರುಕ್ ಎಂಬ ಗುಡ್ಡಗಾಡಿನಲ್ಲಿದೆ. ಅಲ್ಲಿಂದ ನಗರಕ್ಕೆ ತಲುಪುವ ಬಸ್ಸಿನ ದರವನ್ನೂ ಟಿಕೆಟ್ಟಿನ ಲೆಕ್ಕಕ್ಕೇ ಸೇರಿಸಬೇಕು.

ಹಾನ್ ನಿಲ್ದಾಣದ ಕಥೆಯಲ್ಲಿ ಗುಡ್ಡಗಾಡಿನ ಜನರಿಗೊಂದು ಪಾಠವಿದೆ. ಅದು ಹಿಂದೆ ಅಮೆರಿಕದ ವಾಯುನೆಲೆಯಾಗಿತ್ತು. ಸೈನ್ಯ ತೆರಳಿದ ಮೇಲೆ ಅಗ್ಗದ ವಿಮಾನಗಳನ್ನು ನಂಬಿ ಬೆಳೆಯಿತು, ಅದಕ್ಕೆ ಸಾರ್ವಜನಿಕರ ಹಣವೂ ಹರಿಯಿತು. ಆದರೂ 2021ರಲ್ಲಿ ಅದನ್ನು ನಡೆಸುತ್ತಿದ್ದ ಸಂಸ್ಥೆ ದಿವಾಳಿಯಾಯಿತು. ಭಾರತದಲ್ಲಿಯೂ ಉಡಾನ್ ಯೋಜನೆಯ ವಿಮಾನಗಳ ದರಕ್ಕೆ ಮಿತಿ ಹಾಕಿ, ಕಂಪನಿಗಳ ನಷ್ಟವನ್ನು ಸರಕಾರ ತುಂಬಿಕೊಡುತ್ತದೆ. ಶಿವಮೊಗ್ಗದಲ್ಲಿ 2023ರಲ್ಲಿ ನಿಲ್ದಾಣ ಉದ್ಘಾಟನೆಯಾದ ಮೇಲೆ ಈ ಪ್ರಶ್ನೆ ಮಲೆನಾಡಿನ ಹೊಸ್ತಿಲಿಗೇ ಬಂದಿದೆ. ಪ್ರಯಾಣಿಕನು ಕೊಡದೆ ಉಳಿದ ಹಣವನ್ನು ಮತ್ತಾರೋ ಕೊಟ್ಟಿರುತ್ತಾರೆ.

ಟಿಕೆಟ್ಟಿನಲ್ಲಿ ಕಾಣದ ಇನ್ನೊಂದು ಬಾಕಿ ಆಕಾಶದ್ದು. ಒಂದು ದೇಶದ ವಿಮಾನ ತನ್ನ ಟ್ಯಾಂಕಿನಲ್ಲಿ ಹೊತ್ತು ತಂದ ಇಂಧನಕ್ಕೆ ಇನ್ನೊಂದು ದೇಶ ತೆರಿಗೆ ಹಾಕಬಾರದೆಂದು 1944ರ ಶಿಕಾಗೊ ಒಪ್ಪಂದ ವಿಧಿಸಿತು. ಮುಂದೆ ದೇಶದೇಶಗಳ ನಡುವಿನ ಒಪ್ಪಂದಗಳು ಈ ವಿನಾಯಿತಿಯನ್ನು ಇನ್ನಷ್ಟು ಹಿಗ್ಗಿಸಿದವು. ಹೊಲ ಉಳುವ ಟ್ರ್ಯಾಕ್ಟರಿನ ಡೀಸೆಲ್ಲಿಗೆ ತೆರಿಗೆಯುಂಟು, ಸಾಗರ ದಾಟುವ ವಿಮಾನದ ಇಂಧನಕ್ಕೆ ಬಹುಮಟ್ಟಿಗೆ ಇಲ್ಲ. ಬೆಂಗಳೂರಿನಿಂದ ಕ್ವಾಲಾಲಂಪುರ ಸುಮಾರು 2,900 ಕಿ.ಮೀ. ಹೋಗಿಬರುವ ಒಬ್ಬ ಪ್ರಯಾಣಿಕನ ಪಾಲಿಗೆ ಸರಿಸುಮಾರು ಅರ್ಧ ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಸರಾಸರಿ ಭಾರತೀಯನೊಬ್ಬನ ಇಡೀ ವರ್ಷದ ಪಾಲು ಸುಮಾರು 2 ಟನ್. ಆಸನಗಳೆಲ್ಲ ತುಂಬಿದ ಅಗ್ಗದ ವಿಮಾನದಲ್ಲಿ ತಲಾ ಹೊಗೆ ಕಡಿಮೆಯೆಂಬುದು ನಿಜ. ಆದರೆ ಅಗ್ಗವೆಂಬ ಒಂದೇ ಕಾರಣಕ್ಕೆ ವರ್ಷಕ್ಕೆ ಮೂರು ಬಾರಿ ಹಾರುವವನ ಒಟ್ಟು ಲೆಕ್ಕ ಕಡಿಮೆಯಾಗದು.

ಹಾಗಾದರೆ ಬಡವರ ಮಕ್ಕಳು ಲೋಕ ನೋಡಬಾರದೇ? ಖಂಡಿತ ನೋಡಬೇಕು. ಅದಕ್ಕೆ ದಾರಿ ತೋರಿದವರು ಒಬ್ಬ ಶಾಲಾ ಮಾಸ್ತರರು. ಜರ್ಮನಿಯ ರಿಚರ್ಡ್ ಶಿರ್ಮನ್ 1909ರ ಆಗಸ್ಟ್‌ನಲ್ಲಿ ಮಕ್ಕಳೊಡನೆ ಕಾಲ್ನಡಿಗೆಯ ಪ್ರವಾಸ ಹೊರಟಿದ್ದಾಗ ಗುಡುಗುಮಳೆಗೆ ಸಿಕ್ಕಿಕೊಂಡರು. ರಜೆಯ ಕಾರಣ ಖಾಲಿಯಿದ್ದ ಹಳ್ಳಿಶಾಲೆಯೊಂದರ ಕೊಠಡಿ ಅವರಿಗೆ ಆಶ್ರಯವಾಯಿತು, ರೈತನೊಬ್ಬನಿಂದ ಹುಲ್ಲು ಮತ್ತು ಹಾಲು ದೊರೆತವು. ರಜೆಯಲ್ಲಿ ಬೀಗ ಬಿದ್ದಿರುವ ಶಾಲೆಗಳೆಲ್ಲ ನಡೆಯುವ ಮಕ್ಕಳಿಗೆ ತಂಗುದಾಣಗಳಾಗಬಾರದೇಕೆ ಎಂಬ ವಿಚಾರ ಅಂದಿನ ರಾತ್ರಿ ಅವರಿಗೆ ಹೊಳೆಯಿತು. 1912ರಲ್ಲಿ ಆಲ್ಟೇನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಮೊದಲ ಯೂತ್ ಹಾಸ್ಟೆಲ್ ತೆರೆಯಿತು.

ಇಂದಿನ ಪ್ರವಾಸಿ ಹಾಸ್ಟೆಲ್ಲುಗಳ ಮೂಲ ಅಲ್ಲಿದೆ. ಅವುಗಳಲ್ಲಿ ಬಾಡಿಗೆ ಕೋಣೆಗಲ್ಲ, ಒಂದು ಹಾಸಿಗೆಗೆ. ಒಂದರ ಮೇಲೊಂದು ಮಂಚ, ಹಂಚಿಕೊಳ್ಳುವ ಸ್ನಾನಗೃಹ, ಎಲ್ಲರಿಗೂ ಸೇರಿದ ಅಡುಗೆಮನೆ. ಸಂತೆಯಿಂದ ಅಕ್ಕಿ, ತರಕಾರಿ ತಂದು ಬೇಯಿಸಿಕೊಂಡವರ ಖರ್ಚು ಅರ್ಧಕ್ಕಿಳಿಯುತ್ತದೆ. ಹೋಗುವವರು ಸ್ವಂತ ಬೀಗವೊಂದನ್ನು ಒಯ್ಯಬೇಕು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಕೋಣೆಯುಂಟೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ವೀಸಾ ನಿಯಮಗಳು ಬದಲಾಗುತ್ತಿರುವುದರಿಂದ ಟಿಕೆಟ್ ಕೊಳ್ಳುವ ಮುನ್ನವೇ ಅವನ್ನು ತಿಳಿದುಕೊಳ್ಳುವುದು ಲೇಸು.

ವಿಮಾನವನ್ನೇ ಹತ್ತದೆ ಪರದೇಶ ಕಾಣುವ ದಾರಿಯೂ ಉಂಟು. ರೈಲಿನಲ್ಲಿ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಸುನೌಲಿ. ಗಡಿ ದಾಟಿದರೆ ನೇಪಾಳ. ಭಾರತೀಯರಿಗೆ ಅಲ್ಲಿ ವೀಸಾ ಬೇಕಿಲ್ಲ, ನೆಲದ ಗಡಿಯಲ್ಲಿ ಮತದಾರರ ಚೀಟಿ ಸಾಕು. ಹಾಸಿಮಾರಾದಲ್ಲಿ ರೈಲಿಳಿದರೆ ಭೂತಾನದ ಹೆಬ್ಬಾಗಿಲಾದ ಫುಂಟ್‌ಶೋಲಿಂಗ್ ಸಮೀಪದಲ್ಲೇ ಇದೆ. ಭೂತಾನವು ಭಾರತೀಯ ಪ್ರವಾಸಿಗಳಿಂದ ರಾತ್ರಿಯೊಂದಕ್ಕೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಪಡೆಯುತ್ತದೆ. ಇದು ಹಲವರಿಗೆ ದುಬಾರಿಯೆನಿಸಬಹುದು. ಆದರೆ ಗುಡ್ಡಗಾಡಿನ ದೇಶವೊಂದು ತನ್ನ ಕಾಡು, ನೀರು, ಹಾದಿಗಳ ಬೆಲೆಯನ್ನು ಬಂದವರ ಮುಂದೆ ಬಿಚ್ಚಿಟ್ಟು ಕೇಳುತ್ತಿದೆ. ಅಗ್ಗದ ಟಿಕೆಟ್ಟು ಬಚ್ಚಿಡುವುದು ಇದನ್ನೇ.

ಹಾರಲೇಬೇಕಾದವರು ಹಾರಲಿ. ಮೂರು ಸಲ ಮೂರು ದಿನ ಹೋಗುವ ಬದಲು ಒಂದೇ ಸಲ ಹೋಗಿ ಒಂದು ತಿಂಗಳು ಇರಲಿ. ಇಳಿದ ಮೇಲೆ ಬಸ್ಸು, ರೈಲು, ಕಾಲ್ನಡಿಗೆಗಳಲ್ಲಿ ಸಂಚರಿಸಲಿ. ಹಣ ಕಡಿಮೆಯಿರುವ ವಿದ್ಯಾರ್ಥಿಯ ಬಳಿ ಸಮಯವಿರುತ್ತದೆ, ಅದೇ ಅವನ ಬಂಡವಾಳ.

ಕೊನೆಯದಾಗಿ ಗ್ರಾಮಸ್ಥರಲ್ಲಿ ಒಂದು ವಿನಂತಿ. ಮಲೆನಾಡಿನ ಹಳ್ಳಿಶಾಲೆಗಳಿಗೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೀಗ ಬೀಳುತ್ತದೆ. ಬಯಲುಸೀಮೆಯ ಇಪ್ಪತ್ತು ಮಕ್ಕಳು ನಡೆದು ಬಂದರೆ ಆ ಕೊಠಡಿಗಳಲ್ಲಿ ಎರಡು ರಾತ್ರಿ ತಂಗುವಂತಾಗಲು ಊರಿನವರು, ಶಾಲಾಭಿವೃದ್ಧಿ ಸಮಿತಿಯವರು ಕೂಡಿ ಯೋಚಿಸಬೇಕು. ಬೇಕಾಗುವುದು ಚಾಪೆ, ಕುಡಿಯುವ ನೀರು, ಶೌಚಾಲಯ ಮತ್ತು ಒಂದು ಹೊತ್ತಿನ ಗಂಜಿ. ಮುಂದಿನ ಗ್ರಾಮಸಭೆಯಲ್ಲಿ ಈ ಮಾತು ಚರ್ಚೆಗೆ ಬರಲಿ.