ಜೈಲಿನೊಳಗೆ ಹಾಡು, ಜೈಲಿನಾಚೆ ಬದುಕು

(ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಜಂಟಿ ಸಭೆಯಲ್ಲಿ ಮಾಡಿದ ಭಾಷಣ)



ಅಡಿಕೆ ಸುಲಿಯೋ ಕೆಲಸ, ಈರುಳ್ಳಿ ಹೊಲದ ಕೂಲಿ ಬಿಟ್ಟು ಇಷ್ಟು ಜನ ಬಂದಿದ್ದೀರಿ, ಸಂತೋಷ. ಇವತ್ತು ಉಳಿತಾಯ, ಸಾಲದ ಲೆಕ್ಕ ಸ್ವಲ್ಪ ಪಕ್ಕಕ್ಕಿಟ್ಟು, ನಾವು ಸಂಘದಲ್ಲಿ ಬಾಯಿಬಿಟ್ಟು ಮಾತಾಡದ ಒಂದು ವಿಷಯ ಮಾತಾಡೋಣ. ಅದು ಜೈಲು.

ಸೆರೆಯಲ್ಲಿರುವವರನ್ನು ನೋಡಲು ಹೋದವರು ತನ್ನನ್ನೇ ನೋಡಲು ಬಂದ ಹಾಗೆ ಅಂತ ಯೇಸುಸ್ವಾಮಿ ಕಲಿಸಿದ್ದಾರೆ. ಆದರೆ ಜೈಲಿಗೆ ಹೋಗಿ ಸೇವೆ ಮಾಡುವವರು ಗುರುಗಳು, ಸಿಸ್ಟರ್‌ಗಳು ಮಾತ್ರ ಅಲ್ಲ. ಆಡುವವರು, ಹಾಡುವವರೂ ಹೋಗಿದ್ದಾರೆ.

ನಮ್ಮ ರಾಜ್ಯದಲ್ಲೇ ನೋಡಿ. ಮೈಸೂರಿನ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿಯವರು ಜೈಲಿಗೆ ಹೋಗಿ ಕೈದಿಗಳಿಗೆ ನಾಟಕ ಕಲಿಸಿದರು. ಗಿರೀಶ ಕಾರ್ನಾಡರ 'ತಲೆದಂಡ'ವನ್ನು ಕೈದಿಗಳೇ ಆಡಿದರು. ಪೊಲೀಸ್ ಕಾವಲಿನಲ್ಲಿ ಹೊರಗಿನ ರಂಗಮಂದಿರಕ್ಕೂ ಬಂದು ಜನರ ಮುಂದೆ ನಿಂತರು. ನಾಟಕ ಅಂದರೆ ಬರೀ ಮನರಂಜನೆ ಅಲ್ಲ. ಹೊತ್ತಿಗೆ ಸರಿಯಾಗಿ ಬರಬೇಕು, ಮಾತು ಬಾಯಿಪಾಠ ಮಾಡಬೇಕು, ಇನ್ನೊಬ್ಬರ ಸರದಿ ಮುಗಿಯೋವರೆಗೆ ತಾಳ್ಮೆಯಿಂದ ಕಾಯಬೇಕು. ಸಿಟ್ಟಿನ ಒಂದು ಗಳಿಗೆಯಲ್ಲಿ ಬಾಳು ಹಾಳುಮಾಡಿಕೊಂಡವರಿಗೆ ಇದು ದೊಡ್ಡ ಪಾಠ.

ಹೊರದೇಶದ ಒಂದು ಉದಾಹರಣೆಯನ್ನೂ ಹೇಳ್ತೇವೆ. ಅಮೆರಿಕದಲ್ಲಿ ಜಾನಿ ಕ್ಯಾಶ್ ಅಂತ ಮನೆಮಾತಾಗಿದ್ದ ಹಾಡುಗಾರ ಇದ್ದರು. ಮಾತ್ರೆಗಳ ಚಟಕ್ಕೆ ಬಿದ್ದು ಮೊದಲ ಸಂಸಾರ ಮುರಿದುಕೊಂಡಿದ್ದರು. ಚಟದಿಂದ ಮನೆ ಹೇಗೆ ಮುಳುಗುತ್ತೆ ಅಂತ ನಿಮಗೆ ನಾವು ಹೇಳಿಕೊಡಬೇಕಿಲ್ಲ. 1968ರ ಜನವರಿ 13ರಂದು ಅವರು ಕ್ಯಾಲಿಫೋರ್ನಿಯಾದ ಫಾಲ್ಸಮ್ ಜೈಲಿನಲ್ಲಿ ಕೈದಿಗಳಿಗಾಗಿ ಹಾಡಿದರು. ಅಲ್ಲಿದ್ದ ಗ್ಲೆನ್ ಶರ್ಲಿ ಎಂಬ ಕೈದಿ ಬರೆದ ಹಾಡನ್ನು, ಜೈಲಿಗೆ ಭೇಟಿ ಕೊಡುತ್ತಿದ್ದ ಒಬ್ಬ ಪಾದ್ರಿ ಕ್ಯಾಶ್ ಅವರಿಗೆ ತಲುಪಿಸಿದ್ದರು. ಆ ಹಾಡನ್ನೂ ಅವತ್ತೇ ಹಾಡಿದರು. ಕೈದಿಗಳ ನಡುವೆ ಕೂತಿದ್ದ ಶರ್ಲಿಗೆ ತನ್ನ ಹಾಡು ತನಗೇ ಕೇಳಿಸಿತು! ಮುಂದೆ 1972ರಲ್ಲಿ ಕ್ಯಾಶ್ ಅಮೆರಿಕದ ಸೆನೆಟ್ ಸಮಿತಿಯ ಎದುರು ಜೈಲು ಸುಧಾರಣೆಗಾಗಿ ಮಾತಾಡಿದರು.

ಶರ್ಲಿ 1971ರಲ್ಲಿ ಬಿಡುಗಡೆಯಾದ. ಕ್ಯಾಶ್ ಅವನನ್ನು ತಮ್ಮ ತಂಡಕ್ಕೇ ಸೇರಿಸಿಕೊಂಡರು. ಆದರೂ ಹೊರಗಿನ ಬದುಕು ಅವನಿಗೆ ಒಗ್ಗಲಿಲ್ಲ. ತಂಡವೂ ತಪ್ಪಿತು. 1978ರಲ್ಲಿ ತನ್ನ ಪ್ರಾಣ ತಾನೇ ಕಳೆದುಕೊಂಡ.

ಇದರಿಂದ ನಾವು ಏನು ತಿಳೀಬೇಕು? ಹಾಡು, ನಾಟಕ ಮನಸ್ಸಿನ ಬಾಗಿಲು ತೆಗೆಯುತ್ತವೆ. ಆದರೆ ಬಾಗಿಲಾಚೆ ನಡೆಯೋದಕ್ಕೆ ದಾರಿ ಬೇಕು, ಜೊತೆಗೆ ಜನ ಬೇಕು. ಆ ಜನ ನಾವೇ ಆಗಬೇಕು.

ನಮ್ಮ ದೇಶದ ಜೈಲುಗಳಲ್ಲಿ ಸುಮಾರು ನಾಲ್ವರಲ್ಲಿ ಮೂವರು ವಿಚಾರಣಾಧೀನರು, ಅಂದರೆ ತೀರ್ಪು ಇನ್ನೂ ಬರದವರು. ಆದರೆ ಊರು ತೀರ್ಪು ಕೊಟ್ಟಾಗಿರುತ್ತೆ. ಗಂಡನೋ ಮಗನೋ ಒಳಗೆ ಹೋದರೆ ಮನೆಯ ಹೆಂಗಸು ನಲ್ಲಿಯ ಹತ್ತಿರವೂ ತಲೆತಗ್ಗಿಸಿ ನಿಲ್ಲಬೇಕು. ವಕೀಲರಿಗೆ ಅಂತ ತಾಳಿ ಅಡವಿಡುತ್ತಾಳೆ. ಸಂಘದ ಕಂತು ತಪ್ಪುತ್ತೆ. ಆಮೇಲೆ ಸಭೆಗೇ ಬರೋದಿಲ್ಲ. ತಪ್ಪು ಮಾಡದ ಅವಳಿಗೆ ಯಾಕಮ್ಮ ಈ ಶಿಕ್ಷೆ?

ಆದ್ದರಿಂದ ಈ ಮೂರು ಮಾತನ್ನು ನಿಮ್ಮ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ.

ಒಂದು: ಅಂಥ ಸದಸ್ಯೆಯ ಹೆಸರು ಹೊಡೆಯಬೇಡಿ. ಕಂತಿಗೆ ಕಾಲಾವಕಾಶ ಕೊಡಿ, ಮನೆಗೆ ಹೋಗಿ ಮಾತಾಡಿಸಿ.

ಎರಡು: ಸಾಲ ಮಾಡುವ ಮುಂಚೆ ಉಚಿತ ಕಾನೂನು ನೆರವು ಕೇಳಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೂ, ಬಂಧನದಲ್ಲಿರುವವರಿಗೂ ಆದಾಯ ಎಷ್ಟಿದ್ದರೂ ಇದರ ಹಕ್ಕಿದೆ. ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಬಹುದು, 15100ಕ್ಕೆ ಫೋನ್ ಮಾಡಬಹುದು. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಇನ್ನೊಂದು ಅನುಕೂಲ ಇದೆ. ಹಿಂದೆ ಯಾವ ಶಿಕ್ಷೆಯೂ ಆಗದವರು, ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ವಿಚಾರಣೆಯಲ್ಲೇ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅವಕಾಶ ಇದೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೆ ಇದು ಅನ್ವಯಿಸೋದಿಲ್ಲ. ವಕೀಲರನ್ನು ಕೇಳಿ ತಿಳಿದುಕೊಳ್ಳಿ.

ಮೂರು: ಬಿಡುಗಡೆಯಾಗಿ ಬಂದವರಿಗೆ ಕೂಲಿಯೋ ಕಸುಬೋ ಸಿಗುವ ಹಾಗೆ ಊರಿನಲ್ಲಿ ಒಂದು ಮಾತು ಹೇಳಿ. ನಿಮ್ಮ ಮಾತಿಗೆ ಈಗ ಬೆಲೆ ಇದೆ.

ಮಾಡಿದ ತಪ್ಪನ್ನು ತಪ್ಪಲ್ಲ ಅಂತ ನಾವು ಹೇಳ್ತಾ ಇಲ್ಲ. ನೊಂದವರ ನೋವೂ ದೊಡ್ಡದು, ಅವರ ಮನೆಗೂ ಹೋಗೋಣ. ಆದರೆ ಶಿಕ್ಷೆ ಕೊಡೋದು ಕೋರ್ಟಿನ ಕೆಲಸ, ಕೈಹಿಡಿದು ನಡೆಸೋದು ನಮ್ಮ ಕೆಲಸ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.