ಕಾಯಕದ ಹೆಸರಲ್ಲಿ ಮಗುವಿನ ದುಡಿಮೆ

(ಅಂತರಘಟ್ಟೆಯ ಚಿಂತನಗೋಷ್ಠಿಯಲ್ಲಿ ಆಡಿದ ಮಾತು)

 

ನಾನು ಈ ಸೀಮೆಯಲ್ಲಿ ಬಹುಕಾಲ ಮೇಷ್ಟ್ರಾಗಿದ್ದವನು. ಉಪದೇಶ ಮಾಡಲು ಬಂದಿಲ್ಲ. ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಲು ನಿಂತಿದ್ದೇನೆ.

ಅಜ್ಜಂಪುರದ ಕಡೆ ಈರುಳ್ಳಿ ಕೀಳುವ ಕಾಲ ಬಂದರೆ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುವುದನ್ನು ನೀವೂ ಕಂಡಿದ್ದೀರಿ. ಒಂದು ವರ್ಷ ಆರನೇ ತರಗತಿಯ ಹುಡುಗಿಯೊಬ್ಬಳು ಹದಿನೈದು ದಿನ ಬರಲಿಲ್ಲ. ಮನೆಗೆ ಹೋದೆ. ತಾಯಿ ಕೂಲಿಗೆ ಹೋಗಿದ್ದರು. ಮಗಳು ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ಒಲೆ ಊದುತ್ತಿದ್ದಳು. ತಂದೆ ಅಂದರು: "ಕೆಲಸ ಕಲೀಲಿ ಬಿಡಿ ಮೇಷ್ಟ್ರೇ. ನಮ್ಮಲ್ಲಿ ಕಾಯಕವೇ ದೊಡ್ಡದಲ್ವಾ?" ನಾನು ತಲೆಯಾಡಿಸಿ ಬಂದೆ. ಹಾಜರಿ ಪುಸ್ತಕದಲ್ಲಿ ಅವಳಿಗೆ ಹಾಜರಿಯನ್ನೂ ಹಾಕಿದೆ. ಅವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಬಡತನ ಸುಳ್ಳಲ್ಲ. ಆದರೆ ಅದೇ ಮನೆಯ ಅಣ್ಣ ದಿನವೂ ಶಾಲೆಗೆ ಬರುತ್ತಿದ್ದ! "ಎಂಥ ಗಟ್ಟಿ ಹುಡುಗಿ, ಮನೆ ನಿಭಾಯಿಸ್ತಾಳೆ" ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು. ಅವಳ ಶಾಲೆ ಬಿಡಿಸಿದ್ದರಲ್ಲಿ ಆ ಹೊಗಳಿಕೆಗೂ ಪಾಲಿದೆ, ನನ್ನ ಮೌನಕ್ಕೂ ಪಾಲಿದೆ.

ಅಂದು ಹೇಳಬೇಕಿದ್ದ ಮಾತನ್ನು ಇಂದು ಹೇಳುತ್ತೇನೆ. ಕಾಯಕವೆಂದರೆ ಮನಸ್ಸೊಪ್ಪಿ ಮಾಡುವ ದುಡಿಮೆ. ಒಲ್ಲೆನೆನ್ನಲಾಗದ ಮಗುವಿನ ಮೇಲೆ ಹೊರಿಸಿದ್ದು ಬಿಟ್ಟಿ ಚಾಕರಿ. ಹನ್ನೆರಡನೇ ಶತಮಾನದಲ್ಲಿ ಅಕ್ಕಿ ಆಯುತ್ತಿದ್ದ ಲಕ್ಕಮ್ಮ ವಚನಕಾರ್ತಿಯಾದಳು. ನಮ್ಮ ಹೊಲದಲ್ಲಿ ಈರುಳ್ಳಿ ಆಯುವ ಮಗುವಿಗೆ ಅಕ್ಷರವೇ ತಪ್ಪಿದರೆ, ನಾವು ಯಾರ ವಾರಸುದಾರರು?

ಕಾನೂನೂ ಸ್ಪಷ್ಟವಾಗಿದೆ. ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಓದು ಹಕ್ಕು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ, 14 ವರ್ಷದೊಳಗಿನವರನ್ನು ಹೊಲದ ಕೂಲಿಗೂ ಹಚ್ಚುವಂತಿಲ್ಲ. ಮನೆಯವರಿಗೆ ನೆರವಾಗಬಹುದು, ಅದೂ ಶಾಲೆ ಬಿಟ್ಟ ಮೇಲೆ ಇಲ್ಲವೇ ರಜೆಯಲ್ಲಿ. ನಾವು ನೆರವನ್ನು ನೆನಪಿಟ್ಟುಕೊಂಡು ಶಾಲೆಯನ್ನು ಮರೆತೆವು. ಸರ್ಕಾರ ಶಾಲೆಯ ಬಿಸಿಯೂಟಕ್ಕೆ ನಮ್ಮದೇ ಮಾತು ತೆಗೆದುಕೊಂಡು 'ಅಕ್ಷರ ದಾಸೋಹ' ಎಂದು ಹೆಸರಿಟ್ಟಿದೆ. ಆ ದಾಸೋಹದ ಪಂಕ್ತಿಯಿಂದ ಮಗುವನ್ನು ಎಬ್ಬಿಸಿ ಕಳಿಸುವವರು ನಾವಾಗಬಾರದು.

ಈರುಳ್ಳಿ ಬೆಳೆಯುವವರು ಇಲ್ಲೇ ಕೂತಿದ್ದೀರಿ. ಕೂಲಿಗೆ ಕರೆಯುವಾಗ ತಾಯಂದಿರನ್ನು ಕೇಳಿ: "ಚಿಕ್ಕ ಕೂಸನ್ನು ಅಂಗನವಾಡಿಗೆ ಬಿಟ್ಟಿದ್ದೀಯೇನಮ್ಮ? ದೊಡ್ಡವಳು ಶಾಲೆಗೆ ಹೋದಳಾ?"

ಅಂತರಘಟ್ಟಮ್ಮನ ಜಾತ್ರೆಗೆ ಪಾನಕದ ಗಾಡಿ ಹೊರಡುವಾಗ ಯಾರ ಮನೆಯ ಗಾಡಿ ಬರಲಿಲ್ಲವೆಂದು ವಿಚಾರಿಸುತ್ತೇವೆ. ಯಾವ ಮನೆಯ ಮಗು ಶಾಲೆಗೆ ಬರಲಿಲ್ಲವೆಂದೂ ಹಾಗೆಯೇ ವಿಚಾರಿಸೋಣ.