ನೇತ್ರಾವತಿಯ ಎರಡು ದಡ

(ಕ್ಲಾರ್ಕ್ಸ್‌ಬರ್ಗ್‌ನಲ್ಲಿ ನಡೆದ ಸಂಘದ ಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ಪೈಪೋಟಿಯ ಎರಡು ಮನೆತನಗಳ ಗಂಡು ಹೆಣ್ಣು ಮದುವೆಯಾಗಿ, ನೆಲದ ಜಗಳದಲ್ಲಿ ದೂರವಾಗುವ ಕಥೆಗಳನ್ನು ನಮ್ಮ ಮಕ್ಕಳು ಇಂಗ್ಲಿಷ್ ಕಾದಂಬರಿಗಳಲ್ಲಿ ಓದುತ್ತಾರೆ. ಅಂಥ ಕಥೆಯೊಂದು ನಮ್ಮ ಕರಾವಳಿಯಲ್ಲೇ ನಿಜವಾಗಿ ನಡೆದಿದೆ.

ನೇತ್ರಾವತಿಯ ದಕ್ಷಿಣ ದಡದಲ್ಲಿ ಉಳ್ಳಾಲ, ಉತ್ತರದಲ್ಲಿ ಮಂಗಳೂರು. ಉಳ್ಳಾಲ ಚೌಟರದು, ಮಂಗಳೂರಿನ ಕಡೆ ಬಂಗರದು. ಎರಡೂ ಜೈನ ಅರಸು ಮನೆತನಗಳು. ಚೌಟರ ರಾಣಿ ಅಬ್ಬಕ್ಕ ಬಂಗ ಅರಸನ ಕೈಹಿಡಿದಳು. ಒಬ್ಬಳಿಗಿಂತ ಹೆಚ್ಚು ಅಬ್ಬಕ್ಕರಿದ್ದರೆಂದು ಅನೇಕ ಇತಿಹಾಸಕಾರರ ಅಭಿಪ್ರಾಯ. ನಾನು ಹೇಳುತ್ತಿರುವುದು 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಕಂಡು ಬರೆದಿಟ್ಟ ಉಳ್ಳಾಲದ ರಾಣಿಯ ಕಥೆ.

ತುಳುನಾಡಿನ ಅಳಿಯಸಂತಾನದಲ್ಲಿ ಆಸ್ತಿ ತಾಯಿಯ ಕಡೆಯಿಂದ ಬರುತ್ತಿತ್ತು. ಹೆಂಡತಿಯ ನೆಲದ ಮೇಲೆ ಗಂಡನಿಗೆ ಹಕ್ಕಿರಲಿಲ್ಲ. ಆದ್ದರಿಂದ ಈ ದಂಪತಿಗಳು ಅವರವರ ರಾಜ್ಯದಲ್ಲೇ ಇದ್ದುಕೊಂಡು, ಗಡಿಯಲ್ಲಿ ಡೇರೆ ಹಾಕಿಸಿ ಸೇರುತ್ತಿದ್ದರಂತೆ. ಆ ದಿನಗಳಲ್ಲಿ ನದಿ ಅವರನ್ನು ಬೇರೆ ಮಾಡಲಿಲ್ಲ, ಸೇರಿಸಿತು ಎನ್ನಬೇಕು.

ಮುಂದೆ ಮನಸ್ತಾಪ ಬಂತು. ರಾಣಿ ಗಂಡ ಕೊಟ್ಟ ಒಡವೆಗಳನ್ನೆಲ್ಲ ಹಿಂದಕ್ಕೆ ಕಳಿಸಿ, ಸಂಬಂಧ ಮುಗಿಯಿತು ಎಂದಳು. ಅವನು ಅವಳನ್ನು ದೋಣಿಯಲ್ಲಿ ಹೋಗುವಾಗ ಸೆರೆಹಿಡಿದ. ಅವಳು ಜಾಣತನದ ಮಾತಿನಿಂದ ಬಿಡಿಸಿಕೊಂಡಳು. ಆಮೇಲೆ ಅವನು ಪೋರ್ಚುಗೀಸರ ಬೆಂಬಲ ಪಡೆದ, ಅವಳು ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕರೆದಳು. ಕೊನೆಗೆ ಗೆದ್ದವರಾರು? ಬಂಗನ ಕೋಟೆ ಬಿತ್ತು, ಕರಾವಳಿಯಲ್ಲಿ ಇಕ್ಕೇರಿಯ ಕೈ ಮೇಲಾಯಿತು. ಬೆಕ್ಕುಗಳ ಜಗಳದಲ್ಲಿ ಬೆಣ್ಣೆ ಹಂಚಲು ಬಂದ ಕೋತಿಯ ಕಥೆ ನಿಮಗೆಲ್ಲ ಗೊತ್ತೇ ಇದೆ.

ದೆಲ್ಲಾ ವಲ್ಲೆ ರಾಣಿಯನ್ನು ಕಂಡದ್ದು ಅರಮನೆಯಲ್ಲಲ್ಲ, ಬೀದಿಯಲ್ಲಿ. ಬರಿಗಾಲಲ್ಲಿ, ಆಡಂಬರವಿಲ್ಲದೆ, ಅಗೆಯುತ್ತಿದ್ದ ಕಾಲುವೆಗಳನ್ನು ನೋಡಲು ಹೊರಟಿದ್ದಳು. ನೋಟಕ್ಕೆ ಅಡುಗೆಯವಳಂತಿದ್ದರೂ ಮಾತು ಕೇಳಿದರೆ ರಾಣಿಯೆಂದು ತಿಳಿಯುತ್ತಿತ್ತು ಎಂಬರ್ಥದ ಮಾತು ಬರೆದಿದ್ದಾನೆ. ಅವಳಿಗೆ ನೆಲವೆಂದರೆ ಬರಿಯ ಹಕ್ಕುಪತ್ರವಲ್ಲ, ದಿನನಿತ್ಯದ ಕೆಲಸ.

ವೈದ್ಯವೃತ್ತಿಯವನಾದ ನನಗೆ ಒಬ್ಬರ ಮಾತು ಮಾತ್ರ ಕೇಳಿ ತೀರ್ಮಾನಿಸುವ ಅಭ್ಯಾಸವಿಲ್ಲ. ಬಂಗ ಅರಸನಿಗೂ ಅವನದೇ ನೋವು, ಅವಮಾನ ಇದ್ದಿರಬೇಕು. ನಾಡಿನ ನೆನಪಿನಲ್ಲಿ ಅವನು ದ್ರೋಹಿಯಾಗಿಯೇ ಉಳಿದ. ಅಬ್ಬಕ್ಕನ ಹೆಸರನ್ನು 2012ರಲ್ಲಿ ಭಾರತದ ಕೋಸ್ಟ್ ಗಾರ್ಡ್ ಹಡಗಿಗೆ ಇಟ್ಟರು. ಅದು ಸಲ್ಲತಕ್ಕ ಗೌರವ. ಆದರೆ ಒಂದು ಮನೆಯ ಮಾತನ್ನು ಮನೆಯೊಳಗೇ ಮುಗಿಸಲಾಗದೆ ಎರಡು ಮನೆಗಳೂ ಸೊರಗಿದವು ಎಂಬುದನ್ನೂ ನೆನೆಯಬೇಕು.

ಇದನ್ನು ಇಲ್ಲಿ ಏಕೆ ಹೇಳಿದೆ? ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ತೋಟವೋ ಗದ್ದೆಯೋ ಹಳೆಯ ಮನೆಯೋ ಇದೆ. ಅಪ್ಪ ಅಮ್ಮ ಹೋದ ಮೇಲೆ ಅದರ ಮಾತು ಏಳುತ್ತದೆ. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಬಂತು. ಆದರೂ ರಜೆಗೆ ಹೋದ ಅಕ್ಕತಂಗಿಯರು, ಅಣ್ಣನ ಮನಸ್ಸು ನೋಯಿಸಬಾರದೆಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಅತ್ತು ಬರುತ್ತಾರೆ. ಇನ್ನು ಕೆಲವರು ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾರೆ. ಎರಡರಲ್ಲೂ ಅಣ್ಣತಂಗಿಯರ ಮಾತು ನಿಂತುಹೋಗುತ್ತದೆ.

ಬಿಟ್ಟುಕೊಡುವುದಾದರೆ ಸಂತೋಷದಿಂದ ಬಿಟ್ಟುಕೊಡಲಿ. ಆದರೆ ಮೊದಲು ಅದು ಅವಳದು ಎಂದು ಎಲ್ಲರೂ ಒಪ್ಪಲಿ. ಹಿರಿಯರು ಇರುವಾಗಲೇ, ಎಲ್ಲರನ್ನೂ ಕೂಡಿಸಿಕೊಂಡು, ಬಾಯಿಬಿಟ್ಟು ಮಾತಾಡಿ, ಬರೆದಿಡೋಣ. ಮಕ್ಕಳಿಗೆ ಎಕರೆಗಟ್ಟಲೆ ನೆಲ ಸಿಗದಿದ್ದರೂ ಊರಿಗೆ ಹೋದಾಗ ಬಾಗಿಲು ತೆರೆಯುವ ಒಬ್ಬ ಸೋದರಮಾವ, ಒಬ್ಬ ಚಿಕ್ಕಮ್ಮ ಇರಲಿ.